ಸಾವು ಅದೇ, ಸಾಯುವವರು ಬೇರೆ

2015ರ ಅಕ್ಟೋಬರ್ 25, ಭಾನುವಾರ ರಾತ್ರಿ. ಅಮೆರಿಕದ ಎಎಂಸಿ ವಾಹಿನಿಯಲ್ಲಿ ‘ದ ವಾಕಿಂಗ್ ಡೆಡ್’ ಧಾರಾವಾಹಿಯ ಆರನೇ ಸೀಸನ್ನಿನ ಮೂರನೇ ಕಂತು. ಗಲ್ಲಿಯೊಂದರ ಕೊನೆಯಲ್ಲಿ ದಾರಿ ಕಟ್ಟಿಹೋಗಿದೆ. ಎದ್ದು ಓಡಾಡುವ ಹೆಣಗಳು ಗಲ್ಲಿ ತುಂಬ ನುಗ್ಗಿ ಬರುತ್ತಿವೆ. ಗ್ಲೆನ್ ಮತ್ತು ನಿಕೋಲಸ್ ಎಂಬ ಇಬ್ಬರು ದೊಡ್ಡದೊಂದು ಕಸದ ಡಬ್ಬದ ಮೇಲೆ ಹತ್ತಿ ನಿಂತಿದ್ದಾರೆ. ಕೆಳಗೆ ಎಲ್ಲಿ ನೋಡಿದರೂ ಕೈಗಳು. ಧೈರ್ಯ ಕಳೆದುಕೊಂಡ ನಿಕೋಲಸ್ ಗ್ಲೆನ್‌ಗೆ ಧನ್ಯವಾದ ಹೇಳಿ ತಲೆಗೆ ಗುಂಡು ಹೊಡೆದುಕೊಳ್ಳುತ್ತಾನೆ. ಅವನ ದೇಹ ವಾಲಿ ಬಿದ್ದ ರಭಸಕ್ಕೆ ಗ್ಲೆನ್ ಕೂಡ ಆಯತಪ್ಪಿ ಕೆಳಗುರುಳುತ್ತಾನೆ. ಆಮೇಲೆ ಕಾಣುವುದು ಗ್ಲೆನ್‌ನ ಚೀರುವ ಮುಖ, ಅದರ ಮುಂದೆ ಹೆಣಗಳು ಕಿತ್ತು ಎಳೆಯುತ್ತಿರುವ ಕರುಳು. ಅಷ್ಟಕ್ಕೆ ನಿಲ್ಲಿಸಿದರು.

ಅಭಿಮಾನಿಗಳು ಆ ರಾತ್ರಿ ಅತ್ತರು, ಬೆಳಗಾಗುವ ಹೊತ್ತಿಗೆ ಲೆಕ್ಕಾಚಾರಕ್ಕೆ ಕೂತಿದ್ದರು. ದೃಶ್ಯವನ್ನು ಒಂದೊಂದೇ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡಿದವರ ವಾದ ಹೀಗಿತ್ತು: ಕರುಳು ಕಿತ್ತುಬರುತ್ತಿರುವುದು ಗ್ಲೆನ್‌ನ ಎದೆಯ ಮಟ್ಟದಿಂದ. ಮನುಷ್ಯನ ಕರುಳು ಎದೆಯಲ್ಲಿರುವುದಿಲ್ಲ. ಬಿದ್ದಾಗ ನಿಕೋಲಸ್‌ನ ಹೆಣ ಇವನ ಮೇಲೆ ಬಿತ್ತಲ್ಲ, ಹಾಗಾದರೆ ಹರಿಯುತ್ತಿರುವ ಹೊಟ್ಟೆ ನಿಕೋಲಸ್‌ನದು. ಗ್ಲೆನ್ ಅದರಡಿಯಿಂದ ಜಾರಿ ಕಸದ ಡಬ್ಬದ ಕೆಳಗೆ ನುಸುಳಿಕೊಂಡರೆ ಬದುಕುತ್ತಾನೆ. ಆ ಡಬ್ಬಕ್ಕೂ ನೆಲಕ್ಕೂ ನಡುವೆ ಒಬ್ಬ ಮನುಷ್ಯ ಹಿಡಿಸುತ್ತಾನೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡವರು ಸಾಕಷ್ಟಿದ್ದರು.

ಅವರಿಗೆ ಸಿಕ್ಕ ಎರಡನೇ ಸುಳಿವು ಕಥೆಯ ಹೊರಗಿನದು. ಪ್ರತಿ ಕಂತು ಮುಗಿದ ಮೇಲೆ ಅದೇ ವಾಹಿನಿಯಲ್ಲಿ ‘ಟಾಕಿಂಗ್ ಡೆಡ್’ ಎಂಬ ಹರಟೆ ಕಾರ್ಯಕ್ರಮ ಬರುತ್ತಿತ್ತು. ಆ ವಾರ ಸತ್ತ ಪಾತ್ರಗಳಿಗೆ ಅಲ್ಲೊಂದು ಶ್ರದ್ಧಾಂಜಲಿ ಇರುತ್ತಿತ್ತು. ಅಂದಿನ ಶ್ರದ್ಧಾಂಜಲಿಯಲ್ಲಿ ಗ್ಲೆನ್ ಇರಲಿಲ್ಲ. ಬದಲಿಗೆ ಧಾರಾವಾಹಿಯ ಚುಕ್ಕಾಣಿ ಹಿಡಿದಿದ್ದ ಸ್ಕಾಟ್ ಗಿಂಪಲ್ ಕಳಿಸಿದ ಒಂದು ಒಕ್ಕಣೆಯನ್ನು ಓದಿದರು. ಗ್ಲೆನ್‌ನನ್ನು ಯಾವುದೋ ಒಂದು ರೂಪದಲ್ಲಿ ಮತ್ತೆ ನೋಡುತ್ತೀರಿ, ಅದು ಹಳೆಯ ನೆನಪಿನಲ್ಲೂ ಇರಬಹುದು ಎಂಬ ಅಡ್ಡಗೋಡೆ ಮೇಲಿನ ದೀಪದಂಥ ಮಾತು. ಮುಂದಿನ ವಾರದಿಂದ ಶೀರ್ಷಿಕೆಯಲ್ಲಿ ನಟ ಸ್ಟೀವನ್ ಯೂನ್ ಹೆಸರನ್ನೂ ತೆಗೆದರು. ಸತ್ತಿದ್ದಾನೆ ಎನ್ನುವವರಿಗೆ ಅದೊಂದು ಸಾಕ್ಷಿ. ಬದುಕಿದ್ದಾನೆ ಎನ್ನುವವರಿಗೆ, ಹೀಗೆ ಬೇಕೆಂದೇ ತೆಗೆದದ್ದೇ ದೊಡ್ಡ ಸಾಕ್ಷಿ.

ನವೆಂಬರ್ 22ರ ಕಂತಿನಲ್ಲಿ ಉತ್ತರ ಬಂತು. ಗ್ಲೆನ್ ಕಸದ ಡಬ್ಬದ ಕೆಳಗೇ ನುಸುಳಿಕೊಂಡಿದ್ದ. ಲೆಕ್ಕ ಹಾಕಿದವರೆಲ್ಲ ಗೆದ್ದಿದ್ದರು. ವಿಚಿತ್ರವೆಂದರೆ ಗೆದ್ದವರಿಗೇ ಹೆಚ್ಚು ಸಿಟ್ಟು ಬಂದಿತ್ತು.

ಆ ಸಿಟ್ಟು ಅರ್ಥವಾಗಬೇಕಾದರೆ ಈ ಧಾರಾವಾಹಿಯ ಅಭಿಮಾನಿಗಳು ಊಹೆಯ ಆಟವನ್ನು ಹೇಗೆ ಕಲಿತರು ಎಂಬುದನ್ನು ನೋಡಬೇಕು. ರಾಬರ್ಟ್ ಕರ್ಕ್‌ಮನ್ ಬರೆದ ‘ದ ವಾಕಿಂಗ್ ಡೆಡ್’ ಕಪ್ಪು ಬಿಳುಪಿನ ಕಾಮಿಕ್ಸ್ ಆಗಿ 2003ರಲ್ಲಿ ಶುರುವಾಯಿತು. ಮೊದಲ ಆರು ಸಂಚಿಕೆಗಳಿಗೆ ಟೋನಿ ಮೂರ್, ಅಲ್ಲಿಂದಾಚೆಗೆ ಚಾರ್ಲಿ ಅಡ್ಲರ್ಡ್ ಚಿತ್ರ ಬರೆದರು. ಫ್ರಾಂಕ್ ಡರಬಾಂಟ್ ಅದನ್ನು ಟೀವಿಗೆ ತಂದಾಗ 2010ರ ಅಕ್ಟೋಬರ್ 31. ಆಸ್ಪತ್ರೆಯಲ್ಲಿ ಕೋಮಾದಿಂದ ಎಚ್ಚರವಾಗುವ ಪೊಲೀಸ್ ಅಧಿಕಾರಿ ರಿಕ್ ಗ್ರೈಮ್ಸ್‌ಗೆ ಲೋಕ ಮುಗಿದುಹೋಗಿರುವುದು ಕಾಣುವಲ್ಲಿಂದ ಕಥೆ. ಜೋಂಬಿ ಕಥೆಗಳಲ್ಲಿ ಒಂದು ಅನುಕೂಲವಿದೆ, ಅಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಸಾಯಬಹುದು. ಹಾಗಾಗಿ ‘ಮುಂದೇನು’ ಎಂಬ ಪ್ರಶ್ನೆ ಬಹುಬೇಗ ‘ಮುಂದೆ ಯಾರು’ ಎಂದಾಗುತ್ತದೆ. ರೋಗ ಎಲ್ಲಿಂದ ಬಂತು ಎಂದು ಕೇಳುವವರೂ ಇದ್ದರು. ಹಾಗೆ ಕೇಳಿದವರಿಗೆ ಕರ್ಕ್‌ಮನ್ ಕೊನೆಯವರೆಗೂ ನೆಟ್ಟಗೆ ಉತ್ತರ ಕೊಡಲಿಲ್ಲ. ಕೊಡದೆ ಇದ್ದದ್ದೇ ಸರಿ ಎಂದು ನನ್ನ ಅಭಿಪ್ರಾಯ. ಜಾರ್ಜ್ ರೊಮೆರೊ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರದಲ್ಲಿ ಶುಕ್ರಗ್ರಹದಿಂದ ಮರಳುತ್ತಿದ್ದ ನೌಕೆಯ ವಿಕಿರಣವೋ ಏನೋ ಎಂದು ಒಂದು ಮಾತು ತೇಲಿಸಿ ಬಿಟ್ಟಿದ್ದರು. ಅದರಿಂದ ಚಿತ್ರಕ್ಕೆ ಏನೂ ಲಾಭವಾಗಲಿಲ್ಲ.

ಮೊದಲ ಸೀಸನ್ನಿನ ಕೊನೆಯಲ್ಲಿ ಒಂದು ಒಳ್ಳೆಯ ಒಗಟಿತ್ತು. ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ ಒಬ್ಬಂಟಿಯಾಗಿ ಉಳಿದಿದ್ದ ವಿಜ್ಞಾನಿ ಜೆನ್ನರ್, ಕಟ್ಟಡ ಸಿಡಿಯುವ ಮುನ್ನ ರಿಕ್‌ನ ಕಿವಿಯಲ್ಲಿ ಏನನ್ನೋ ಪಿಸುಗುಟ್ಟುತ್ತಾನೆ. ನಮಗದು ಕೇಳಿಸುವುದಿಲ್ಲ. ಹೆಂಡತಿ ಬಸುರಿ ಎಂದಿರಬೇಕು ಎಂದರು ಕೆಲವರು. ಕಚ್ಚಿಸಿಕೊಳ್ಳದಿದ್ದರೂ ಸತ್ತವರೆಲ್ಲ ಏಳುತ್ತಾರೆ, ಸೋಂಕು ಈಗಾಗಲೇ ಎಲ್ಲರ ಮೈಯಲ್ಲಿದೆ ಎಂದಿರಬೇಕು ಎಂದರು ಕಾಮಿಕ್ಸ್ ಓದಿದವರು. 2012ರ ಮಾರ್ಚಿನಲ್ಲಿ, ಎರಡನೇ ಸೀಸನ್ನಿನ ಕೊನೆಯ ಕಂತಿನಲ್ಲಿ ರಿಕ್ ತಾನೇ ಬಾಯಿಬಿಟ್ಟ. ಎರಡನೆಯವರ ಊಹೆಯೇ ಸರಿಯಾಗಿತ್ತು. ಆಗ ಯಾರಿಗೂ ಮೋಸವಾದಂತೆ ಅನ್ನಿಸಲಿಲ್ಲ. ಕಾರಣ ಸರಳ: ಗುಟ್ಟು ಇದ್ದದ್ದು ರಿಕ್‌ನ ಹತ್ತಿರ, ವಾಹಿನಿಯ ಹತ್ತಿರ ಅಲ್ಲ. ಅವನು ಅದನ್ನು ತನ್ನವರಿಂದ ಮುಚ್ಚಿಟ್ಟದ್ದಕ್ಕೆ ಕಥೆಯೊಳಗೇ ಬೆಲೆ ತೆತ್ತ, ಜೊತೆಯವರ ನಂಬಿಕೆ ಕಳೆದುಕೊಂಡ.

ಹಾಗೆ ನೋಡಿದರೆ ಕಾಮಿಕ್ಸ್ ಓದಿದವರ ಕೈಯಲ್ಲಿ ನಕ್ಷೆಯೇ ಇತ್ತು, ಇನ್ನು ಊಹಿಸುವುದೇನು? ಕರಾವಳಿಯಲ್ಲಿ ‘ಕರ್ಣಾವಸಾನ’ ತಾಳಮದ್ದಳೆಗೆ ಹೋಗಿ ಕೂರುವವರಿಗೆ ಬೆಳಗಿನ ಜಾವಕ್ಕೆ ಕರ್ಣ ಸಾಯುತ್ತಾನೆಂದು ಗೊತ್ತು. ಸಾಯುವ ಮೊದಲು ಅರ್ಥಧಾರಿ ಏನು ಮಾತಾಡುತ್ತಾನೆ ಎಂದು ಕೇಳುವುದಕ್ಕೆ ಅವರು ನಿದ್ದೆಗೆಡುತ್ತಾರೆ. ‘ವಾಕಿಂಗ್ ಡೆಡ್’ ಮಾಡಿದ್ದು ಬೇರೆ. ಇಲ್ಲಿ ಕರ್ಣನಿಗೆ ಬಿಟ್ಟ ಬಾಣ ಶಲ್ಯನಿಗೆ ತಾಗುತ್ತಿತ್ತು.

ಮೊದಲ ಏಟು ಸೋಫಿಯಾ. ಕಾಮಿಕ್ಸಿನಲ್ಲಿ ಈ ಹುಡುಗಿ ಕೊನೆಯವರೆಗೂ ಬದುಕುತ್ತಾಳೆ, ರಿಕ್‌ನ ಮಗ ಕಾರ್ಲ್‌ನನ್ನು ಮದುವೆಯಾಗುತ್ತಾಳೆ. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಅವಳು ಕಾಡಿನಲ್ಲಿ ಕಳೆದುಹೋದಾಗ ಓದಿದವರು ನಿಶ್ಚಿಂತೆಯಿಂದಿದ್ದರು. 2011ರ ನವೆಂಬರ್ 27ರಂದು ಹರ್ಷಲ್ ಎಂಬ ಮುದುಕನ ಕೊಟ್ಟಿಗೆಯ ಬಾಗಿಲು ಮುರಿದಾಗ ಒಳಗಿಂದ ಒಂದೊಂದೇ ಹೆಣ ಹೊರಬಂದು, ಗುಂಡು ತಿಂದು ಬಿದ್ದು, ಎಲ್ಲ ಮುಗಿಯಿತು ಎನ್ನುವಾಗ ಕೊನೆಗೆ ತೂರಾಡುತ್ತ ಬಂದವಳು ಸೋಫಿಯಾ. ಏಳು ಕಂತು ಹುಡುಕಿದ ಮಗು ಅಷ್ಟೂ ದಿನ ಅಂಗಳದಾಚೆಯ ಕೊಟ್ಟಿಗೆಯಲ್ಲೇ ಇತ್ತು. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಚೆನ್ನಾಗಿ ಹೆಣೆದ ತಿರುವು ಇನ್ನೊಂದಿಲ್ಲ ಎನ್ನುತ್ತೇನೆ. ಊಹೆ ತಪ್ಪಿತು, ಆದರೆ ತಪ್ಪಿಸಿದ್ದು ನ್ಯಾಯವಾಗಿ.

ಅಲ್ಲಿಂದ ಓದಿದವರು ಹುಷಾರಾದರು. ಕಥೆಗಾರರು ಸಾವುಗಳನ್ನು ಬಿಡುತ್ತಿಲ್ಲ, ಸಾಯುವವರನ್ನು ಬದಲಾಯಿಸುತ್ತಿದ್ದಾರೆ ಎಂಬುದು ನಿಧಾನಕ್ಕೆ ಅವರಿಗೆ ತಿಳಿಯಿತು. ಕಾಮಿಕ್ಸಿನಲ್ಲಿ ರಿಕ್‌ನ ಗುಂಪಿನ ಮಿಶೋನ್‌ಳ ಕತ್ತಿಯಿಂದಲೇ ಗವರ್ನರ್ ಎಂಬ ಖಳ ಅದೇ ಗುಂಪಿನ ಟೈರೀಸ್‌ನ ಕತ್ತು ಕಡಿಯುತ್ತಾನೆ. ಟೀವಿಯಲ್ಲಿ, 2013ರ ಡಿಸೆಂಬರಿನಲ್ಲಿ, ಅದೇ ಗವರ್ನರ್, ಅದೇ ಕತ್ತಿ, ಕತ್ತು ಮಾತ್ರ ಮುದುಕ ಹರ್ಷಲ್‌ನದು. ಕಾಮಿಕ್ಸಿನಲ್ಲಿ ನರಭಕ್ಷಕರು ಡೇಲ್‌ನ ಕಾಲು ಕಡಿದು ತಿನ್ನುತ್ತಾರೆ. ಅವನಿಗೆ ಮೊದಲೇ ಸೋಂಕು ತಗುಲಿದ್ದು ತಿನ್ನುವವರಿಗೆ ಗೊತ್ತಿರುವುದಿಲ್ಲ. ಟೀವಿಯಲ್ಲಿ ಆ ಕಾಲು ಬಾಬ್‌ನದು. ಕಣ್ಣನ್ನು ತೂರಿ ಬರುವ ಬಾಣ ಕಾಮಿಕ್ಸಿನಲ್ಲಿ ಅಬ್ರಹಾಂಗೆ, ಟೀವಿಯಲ್ಲಿ ಡಾಕ್ಟರ್ ಡೆನೀಸ್‌ಗೆ. ಆಂಡ್ರಿಯಾ ಕಾಮಿಕ್ಸಿನಲ್ಲಿ ನೂರೈವತ್ತು ಸಂಚಿಕೆ ದಾಟಿ ಬದುಕಿದವಳು, ಟೀವಿಯಲ್ಲಿ ಮೂರನೇ ಸೀಸನ್ನಿಗೇ ಮುಗಿದಳು. ಕಾಮಿಕ್ಸಿನಲ್ಲಿ ಬೇಗ ಸಾಯುವ ಕ್ಯಾರಲ್ ಟೀವಿಯಲ್ಲಿ ಕೊನೆಯ ಕಂತಿನವರೆಗೂ ನಡೆದಳು. ಅವಳ ಪಕ್ಕದಲ್ಲಿ ನಿಂತ ಡ್ಯಾರಿಲ್ ಡಿಕ್ಸನ್ ಅಂತೂ ಕಾಮಿಕ್ಸಿನಲ್ಲಿ ಇಲ್ಲವೇ ಇಲ್ಲ. ನಕ್ಷೆಯಲ್ಲೇ ಇಲ್ಲದವನ ಸಾವನ್ನು ಹುಡುಕುವುದೆಲ್ಲಿ? ‘ಡ್ಯಾರಿಲ್ ಸತ್ತರೆ ದಂಗೆ’ ಎಂಬ ಬರಹದ ಟೀ ಶರ್ಟುಗಳು ಅಮೆರಿಕದಲ್ಲಿ ಓಡಾಡಿದ್ದರ ಹಿಂದೆ ಆ ದಿಗಿಲೂ ಇತ್ತು.

ಹೀಗಾಗಿ ಊಹೆಯ ಆಟ ಒಂದು ಶಾಸ್ತ್ರದ ಮಟ್ಟಕ್ಕೆ ಬಂತು. ಮುಂದಿನ ಸಂಚಿಕೆಗಳಲ್ಲಿ ಯಾವ ಸಾವು ಬಾಕಿ ಇದೆ? ಟೀವಿಯಲ್ಲಿ ಆ ಜಾಗಕ್ಕೆ ಹೊಂದುವ ದೇಹ ಯಾರದು? ಯಾವ ಪಾತ್ರಕ್ಕೆ ಕಥೆಯಲ್ಲಿ ಇನ್ನು ಕೆಲಸ ಉಳಿದಿಲ್ಲ? ಒಂದು ಪಾತ್ರಕ್ಕೆ ಇದ್ದಕ್ಕಿದ್ದಂತೆ ಒಂದು ಕಂತಿನಲ್ಲಿ ಬಾಲ್ಯದ ನೆನಪು, ಮಗುವಿನ ಆಸೆ, ಶಾಂತ ಮನಸ್ಸು ಇವೆಲ್ಲ ಬಂತೆಂದರೆ ನುರಿತ ಅಭಿಮಾನಿ ಅದರ ಹೆಸರಿನ ಮುಂದೆ ಗೀಟು ಎಳೆದುಬಿಡುತ್ತಿದ್ದ.

ಆ ಶಾಸ್ತ್ರದ ಪ್ರಕಾರ ಗ್ಲೆನ್‌ನ ಸಾವು ಕಸದ ಡಬ್ಬದ ಹತ್ತಿರ ಆಗುವಂತೆಯೇ ಇರಲಿಲ್ಲ. 2012ರ ಜುಲೈನಲ್ಲಿ ಬಂದ ಕಾಮಿಕ್ಸಿನ ನೂರನೇ ಸಂಚಿಕೆಯಲ್ಲಿ ನೀಗನ್ ಎಂಬ ಖಳ, ಮುಳ್ಳುತಂತಿ ಸುತ್ತಿದ ಬೇಸ್‌ಬಾಲ್ ದಾಂಡಿನಿಂದ ಗ್ಲೆನ್‌ನ ತಲೆ ಒಡೆಯುತ್ತಾನೆ. ಓದುಗರು ಮರೆಯಲಾಗದ ಪುಟಗಳು ಅವು. ಟೀವಿಯಲ್ಲಿ ನೀಗನ್ ಇನ್ನೂ ಬಂದಿರಲಿಲ್ಲ. ಹಾಗಾದರೆ ಇದು ಬದಲಿ ಸಾವೋ, ಬರೀ ಕಣ್ಕಟ್ಟೋ? ಕಣ್ಕಟ್ಟು ಎಂದು ತಿಳಿದಾಗ ಜನ ಸಿಟ್ಟಾದದ್ದು ಇದಕ್ಕೆ. ಸೋಫಿಯಾಳ ವಿಷಯದಲ್ಲಿ ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಇಲ್ಲಿ ಕ್ಯಾಮೆರಾ ಕೋನ ಬದಲಿಸಿ, ಹೆಸರು ಅಳಿಸಿ, ನಾಲ್ಕು ವಾರ ನೋಡುಗರನ್ನು ಮಾತಾಡಿಸುವುದಕ್ಕೆಂದೇ ಒಂದು ಸಾವನ್ನು ಕಟ್ಟಿದ್ದರು. ಸಾಲದ್ದಕ್ಕೆ ಮರುವಾರದ ಕಂತು ಪೂರ್ತಿ ಮಾರ್ಗನ್ ಎಂಬ ಇನ್ನೊಬ್ಬನ ಹಳೆಯ ಕಥೆ. ಅದು ಒಳ್ಳೆಯ ಕಂತು ಎಂಬುದನ್ನು ಗಮನಿಸುವ ತಾಳ್ಮೆ ಆಗ ಹೆಚ್ಚು ಜನರಿಗಿರಲಿಲ್ಲ.

ಅದೇ ಸೀಸನ್ನಿನ ಕೊನೆಗೆ ಇದಕ್ಕಿಂತ ದೊಡ್ಡ ಪಣ ಇಟ್ಟರು. 2016ರ ಏಪ್ರಿಲ್ 3. ರಾತ್ರಿ, ಕಾಡಿನ ನಡುವೆ ವಾಹನಗಳ ದೀಪದ ಬೆಳಕು. ರಿಕ್, ಕಾರ್ಲ್, ಮಿಶೋನ್, ಡ್ಯಾರಿಲ್, ಗ್ಲೆನ್, ಮ್ಯಾಗಿ, ಅಬ್ರಹಾಂ, ಸಾಶಾ, ರೊಸೀಟಾ, ಯೂಜೀನ್, ಆರನ್ ಹೀಗೆ 11 ಮಂದಿ ಮಂಡಿಯೂರಿ ಕೂತಿದ್ದಾರೆ. ಜೆಫ್ರಿ ಡೀನ್ ಮಾರ್ಗನ್ ವಹಿಸಿದ ನೀಗನ್ ದಾಂಡು ಹಿಡಿದು, ಮಕ್ಕಳು ಆಟಕ್ಕೆ ಹೇಳುವ ಎಣಿಕೆಯ ಪ್ರಾಸವನ್ನು ಹೇಳುತ್ತ ಒಬ್ಬೊಬ್ಬರ ಮುಂದೆ ತೋರಿಸುತ್ತ ಹೋಗಿ ಒಬ್ಬರ ಮುಂದೆ ನಿಲ್ಲುತ್ತಾನೆ. ಯಾರ ಮುಂದೆ ಎಂಬುದನ್ನು ಮಾತ್ರ ತೋರಿಸುವುದಿಲ್ಲ. ಕ್ಯಾಮೆರಾ ಸಾಯುವವರ ಕಣ್ಣಾಗುತ್ತದೆ, ದಾಂಡು ನಮ್ಮ ಮೇಲೇ ಬೀಳುತ್ತದೆ, ಪರದೆಯ ಮೇಲೆ ರಕ್ತ ಇಳಿಯುತ್ತದೆ. ಸೀಸನ್ ಮುಗಿಯಿತು. ಉತ್ತರಕ್ಕೆ ಅಕ್ಟೋಬರ್ 23ರವರೆಗೆ ಕಾಯಬೇಕು.

ಆ ಬೇಸಿಗೆಯಲ್ಲಿ ಅಭಿಮಾನಿಗಳು ನಡೆಸಿದ ತನಿಖೆಯಲ್ಲಿ ನಿಜಕ್ಕೂ ಜಾಣತನವಿತ್ತು. ಪ್ರಾಸದ ಒಂದೊಂದು ಪದಕ್ಕೆ ಒಬ್ಬೊಬ್ಬರನ್ನು ಹೊಂದಿಸಿ ಎಣಿಕೆ ಎಲ್ಲಿ ನಿಲ್ಲಬಹುದೆಂದು ನೋಡಿದರು. ಯಾರಾದರೂ ಅಲುಗಾಡಿದರೆ ಹುಡುಗನ ಇನ್ನೊಂದು ಕಣ್ಣನ್ನೂ ಕಿತ್ತು ಅಪ್ಪನಿಗೆ ತಿನ್ನಿಸುತ್ತೇನೆ ಎಂದು ನೀಗನ್ ಬೆದರಿಸುತ್ತಾನಲ್ಲ, ಹಾಗಾದರೆ ಹುಡುಗ ಕಾರ್ಲ್, ಅಪ್ಪ ರಿಕ್ ಇಬ್ಬರೂ ಪಟ್ಟಿಯಿಂದ ಹೊರಗೆ. ಮೊದಲ ಏಟು ಬಿದ್ದಮೇಲೂ ಆ ವ್ಯಕ್ತಿ ಕುಸಿಯದೆ ಇದ್ದದ್ದಕ್ಕೆ ನೀಗನ್ ಮೆಚ್ಚುಗೆ ಸೂಚಿಸುತ್ತಾನೆ. ಹಾಗಾದರೆ ಗಟ್ಟಿ ಆಸಾಮಿ, ಬಹುಶಃ ಮಾಜಿ ಸೈನಿಕ ಅಬ್ರಹಾಂ. ಅಲ್ಲ, ನೂರನೇ ಸಂಚಿಕೆಯ ಸಾವನ್ನು ಯಾರಿಗೂ ವರ್ಗಾಯಿಸುವಂತಿಲ್ಲ, ಗ್ಲೆನ್‌ನೇ ಎಂದು ಹಳೆಯ ಓದುಗರ ಹಟ.

ಇನ್ನೊಂದು ದಾರಿ ಹಿಡಿದವರು ಜಾರ್ಜಿಯಾ ರಾಜ್ಯದ ಸೆನೋಯಾ ಎಂಬ ಸಣ್ಣ ಊರಿನತ್ತ ಕಣ್ಣಿಟ್ಟರು. ಅಟ್ಲಾಂಟಾದ ದಕ್ಷಿಣಕ್ಕಿರುವ ಈ ಊರೇ ಧಾರಾವಾಹಿಯಲ್ಲಿ ವುಡ್‌ಬರಿ ಎಂಬ ಊರು. ಅಲ್ಲಿನ ಒಂದು ಬಡಾವಣೆಯೇ ಗೋಡೆ ಸುತ್ತಿದ ಅಲೆಕ್ಸಾಂಡ್ರಿಯಾ. ಆ ಮನೆಗಳಲ್ಲಿ ನಿಜವಾಗಿಯೂ ಜನ ವಾಸವಿದ್ದರು. ಯಾವ ನಟ ಚಿತ್ರೀಕರಣಕ್ಕೆ ಬಂದ, ಯಾರು ಬರಲಿಲ್ಲ ಎಂಬುದು ಗೊತ್ತಾದರೆ ಉತ್ತರ ಸಿಕ್ಕಂತೆ. ಅದನ್ನು ತಡೆಯಲು ನಿರ್ಮಾಪಕರು ಬೇರೆ ಬೇರೆ ಪಾತ್ರಗಳ ಸಾವನ್ನೂ ಚಿತ್ರಿಸಿಟ್ಟರು. 2016ರ ಜೂನ್‌ನಲ್ಲಿ ‘ಸ್ಪಾಯ್ಲಿಂಗ್ ಡೆಡ್ ಫ್ಯಾನ್ಸ್’ ಎಂಬ ಅಭಿಮಾನಿಗಳ ಗುಂಪಿಗೆ ಎಎಂಸಿ ವಕೀಲರಿಂದ ಪತ್ರ ಬಂತು. ಆ ಗುಂಪು ಹೇಳಿಕೊಂಡ ಪ್ರಕಾರ, ಯಾರು ಸತ್ತರೆಂಬ ತಮ್ಮ ಊಹೆಯನ್ನು ಅವರು ಪ್ರಕಟಿಸಿ, ಅದು ನಿಜವಾಗಿಬಿಟ್ಟರೆ, ಅದು ಕೃತಿಸ್ವಾಮ್ಯದ ಉಲ್ಲಂಘನೆ! ಗುಂಪಿನವರು ಬಾಯಿ ಮುಚ್ಚಿಕೊಂಡರು. ಇವರು ಬರೀ ತರ್ಕದಿಂದ ಊಹಿಸುವವರಲ್ಲ, ಚಿತ್ರೀಕರಣದ ಒಳಸುದ್ದಿ ತರುವವರು ಎಂಬುದು ನಿಜ, ವಾಹಿನಿಗೂ ಅದರದ್ದೇ ಕಷ್ಟವಿತ್ತು. ಆದರೂ ಆರು ತಿಂಗಳು ಊಹಿಸಿ ಎಂದು ತಾವೇ ಕೂರಿಸಿದ ಜನರಿಗೆ, ಸರಿಯಾಗಿ ಊಹಿಸಿದರೆ ಮೊಕದ್ದಮೆ ಎಂದಂತಾಯಿತು.

ಅಕ್ಟೋಬರ್ 23ರ ಕಂತಿನಲ್ಲಿ ಅಬ್ರಹಾಂ ಸತ್ತ. ಹಿಂದೆಯೇ ಗ್ಲೆನ್ ಕೂಡ, ಕಾಮಿಕ್ಸಿನ ಚಿತ್ರದಲ್ಲಿದ್ದಂತೆಯೇ, ಒಂದು ಕಣ್ಣು ಹೊರಬಂದು. ಊಹೆಯ ಎರಡೂ ಪಕ್ಷಗಳು ಗೆದ್ದವು. ಅಂದು ಅಮೆರಿಕದಲ್ಲಿ ಸುಮಾರು 1.7 ಕೋಟಿ ಜನ ಅದನ್ನು ನೋಡಿದರು. ಮುಂದಿನ ವಾರದ ಕಂತಿಗೆ ಉಳಿದವರು ಸುಮಾರು 1.25 ಕೋಟಿ. ಕ್ರೌರ್ಯ ಅತಿಯಾಯಿತು ಎಂದು ಬಿಟ್ಟವರಿದ್ದರು. ಆದರೆ ಉತ್ತರ ತಿಳಿದುಕೊಂಡು ಎದ್ದುಹೋದವರೇ ಹೆಚ್ಚಿರಬೇಕೆಂದು ನನಗೆ ಅನ್ನಿಸುತ್ತದೆ. ಅಷ್ಟು ದಿನ ಅವರನ್ನು ಹಿಡಿದಿಟ್ಟಿದ್ದು ಗ್ಲೆನ್ ಅಲ್ಲ, ಪ್ರಶ್ನೆ. ಕಾಮಿಕ್ಸಿನಲ್ಲಿ ಪುಟ ತಿರುಗಿಸಿದ ಕೂಡಲೇ ಎದೆಗೆ ಬಡಿಯುತ್ತಿದ್ದ ಸಾವು, ಇಲ್ಲಿ ಆರೂವರೆ ತಿಂಗಳು ಹಳಸಿದ ಮೇಲೆ ಬಂತು. ಕಸದ ಡಬ್ಬದ ಹತ್ತಿರ ಒಮ್ಮೆ ಅತ್ತು ಮುಗಿಸಿದವರಿಗೆ ಎರಡನೇ ಸಲ ಅಳು ಬರುವುದೂ ಕಷ್ಟವೇ.

ಆಮೇಲಿನ ಏಟು ನಕ್ಷೆಗೇ ಬಿತ್ತು. ಕಾಮಿಕ್ಸಿನ ಕೊನೆಯ ಸಂಚಿಕೆಯಲ್ಲಿ ದೊಡ್ಡವನಾದ ಕಾರ್ಲ್ ತನ್ನ ಮಗಳಿಗೆ ಕಥೆ ಓದಿ ಹೇಳುತ್ತಾನೆ. ಇಡೀ ಕಥೆ ಹೋಗಿ ಮುಟ್ಟುವುದೇ ಅವನನ್ನು. ಟೀವಿಯಲ್ಲಿ 2018ರ ಫೆಬ್ರವರಿಯಲ್ಲಿ ಅವನನ್ನು ಸಾಯಿಸಿದರು. ಅದೇ ವರ್ಷದ ನವೆಂಬರ್ 4ರಂದು ರಿಕ್ ಹೋದ. ಹೋಗುತ್ತಾನೆಂದು ನಟ ಆಂಡ್ರೂ ಲಿಂಕನ್ ಜುಲೈನಲ್ಲೇ ಸ್ಯಾನ್ ಡಿಯೇಗೊದ ಕಾಮಿಕ್ ಸಮ್ಮೇಳನದಲ್ಲಿ ಹೇಳಿದ್ದರು. ಜಾಹೀರಾತುಗಳಲ್ಲೂ ಅದೇ ಮಾತು. ಸಾಯುತ್ತಾನೆ ಎಂದು ಎಲ್ಲರೂ ಕಾದರೆ, ಸೇತುವೆ ಸಿಡಿಸಿ ನದಿಗೆ ಬಿದ್ದವನನ್ನು ಹೆಲಿಕಾಪ್ಟರ್ ಎತ್ತಿಕೊಂಡು ಹೋಯಿತು. ಅಂದು ರಾತ್ರಿಯೇ ರಿಕ್‌ನ ಮುಂದಿನ ಕಥೆ ಸಿನಿಮಾಗಳಾಗಿ ಬರಲಿದೆ ಎಂಬ ಘೋಷಣೆಯೂ ಆಯಿತು.

ಆ ಹೆಲಿಕಾಪ್ಟರ್ ಕೊಟ್ಟ ಒಗಟು ಎರಡಕ್ಷರದ್ದು. ತನ್ನ ಹತ್ತಿರ ಇರುವುದು ‘ಎ’ ಅಲ್ಲ, ‘ಬಿ’ ಎಂದು ಜೇಡಿಸ್ ಎಂಬಾಕೆ ವಾಕಿಟಾಕಿಯಲ್ಲಿ ಹೇಳುತ್ತಾಳೆ. ಏನು ಎ, ಏನು ಬಿ? ರಕ್ತದ ಗುಂಪೇ, ಕಚ್ಚಿಸಿಕೊಂಡವರು ಕಚ್ಚಿಸಿಕೊಳ್ಳದವರೇ, ಬಲಿಷ್ಠರು ದುರ್ಬಲರೇ? ವರ್ಷಗಟ್ಟಲೆ ವಾದ ನಡೆಯಿತು. ಸಿನಿಮಾ ಬರಲೇ ಇಲ್ಲ. 2022ರಲ್ಲಿ ಅದು ಕಿರುಧಾರಾವಾಹಿ ಎಂದಾಗಿ, 2024ರ ಫೆಬ್ರವರಿಯಲ್ಲಿ ‘ದ ಒನ್ಸ್ ಹೂ ಲಿವ್’ ಹೆಸರಿನಲ್ಲಿ ಬಂತು. ‘ಎ’ ಎಂದರೆ ಮುಂದಾಳಾಗುವವರು, ತಲೆಬಾಗದವರು, ಹಾಗಾಗಿ ಮುಗಿಸಬೇಕಾದವರು. ‘ಬಿ’ ಎಂದರೆ ಹೇಳಿದಂತೆ ಕೇಳುವವರು. ಒಳ್ಳೆಯ ಉತ್ತರವೇ. ಆದರೆ ಪ್ರಶ್ನೆ ಕೇಳಿದ್ದ ಜನರಲ್ಲಿ ಉತ್ತರ ಕೇಳಲು ಉಳಿದವರು ಕಡಿಮೆ. 2022ರ ನವೆಂಬರ್ 20ರಂದು, 177ನೇ ಕಂತಿನೊಂದಿಗೆ ಮೂಲ ಧಾರಾವಾಹಿ ಮುಗಿದಾಗ ವಾಹಿನಿಯಲ್ಲಿ ನೋಡಿದವರು ಸುಮಾರು 23 ಲಕ್ಷ. ಅಷ್ಟರಲ್ಲಿ ಕೇಬಲ್ ಟೀವಿಯೇ ಸೊರಗಿತ್ತು, ಆನ್‌ಲೈನ್‌ನಲ್ಲಿ ನೋಡುವವರು ಬೇರೆ, ಒಪ್ಪೋಣ. ಇಳಿಕೆಯೆಲ್ಲವೂ ಕಥೆಗಾರರ ತಪ್ಪಲ್ಲ.

ಕೊನೆಯ ಸೀಸನ್ನಿನ ಹೊತ್ತಿಗೆ ಊಹೆಯ ಆಟಕ್ಕೆ ಇನ್ನೊಂದು ಕಡೆಯಿಂದ ಕಂಟಕ ಬಂದಿತ್ತು. ಧಾರಾವಾಹಿ ಮುಗಿಯುತ್ತದೆಂದು 2020ರ ಸೆಪ್ಟೆಂಬರಿನಲ್ಲಿ ಘೋಷಿಸಿದಾಗಲೇ, ಡ್ಯಾರಿಲ್ ಮತ್ತು ಕ್ಯಾರಲ್ ಇಬ್ಬರದೇ ಹೊಸ ಧಾರಾವಾಹಿ ಬರುತ್ತದೆ ಎಂದೂ ಹೇಳಿದರು. ಅಲ್ಲಿಗೆ ಅವರಿಬ್ಬರೂ ಸಾಯುವುದಿಲ್ಲ ಎಂದಾಯಿತು. ಗ್ಲೆನ್‌ನ ಹೆಂಡತಿ ಮ್ಯಾಗಿ ಕೊನೆಗೂ ನೀಗನ್‌ನನ್ನು ಕೊಲ್ಲುತ್ತಾಳೋ ಕ್ಷಮಿಸುತ್ತಾಳೋ ಎಂಬುದು ಆರು ವರ್ಷದ ಪ್ರಶ್ನೆ. 2022ರ ಮಾರ್ಚಿನಲ್ಲಿ, ಕೊನೆಯ ಕಂತಿಗೆ ಇನ್ನೂ ಎಂಟು ತಿಂಗಳಿರುವಾಗ, ಅವರಿಬ್ಬರನ್ನು ಜೋಡಿಯಾಗಿಸಿದ ಹೊಸ ಧಾರಾವಾಹಿಯ ಪ್ರಕಟಣೆ ಹೊರಬಿತ್ತು. ಪ್ರಶ್ನೆಗೆ ಉತ್ತರ ಕೊಟ್ಟದ್ದು ಮ್ಯಾಗಿಯೂ ಅಲ್ಲ, ನೀಗನ್ನೂ ಅಲ್ಲ, ಕಂಪನಿಯ ಪತ್ರಿಕಾ ಪ್ರಕಟಣೆ. ಯಾರು ಬೇಕಾದರೂ ಸಾಯಬಹುದು ಎಂದು ಶುರುವಾದ ಕಥೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವರು ಸಾಯುವಂತಿರಲಿಲ್ಲ.

ಕರ್ಕ್‌ಮನ್ ತನ್ನ ಕಾಮಿಕ್ಸನ್ನು ಮುಗಿಸಿದ ರೀತಿ ಇದಕ್ಕೆ ತದ್ವಿರುದ್ಧ. 2019ರ ಜೂನ್‌ನ 192ನೇ ಸಂಚಿಕೆಯಲ್ಲಿ ರಿಕ್ ಸತ್ತ. ಮುಂದೆ ಕಾರ್ಲ್ ಹೇಗೆ ನಾಯಕನಾಗುತ್ತಾನೆ ಎಂದು ಓದುಗರು ಊಹೆ ಶುರುಮಾಡಿದ್ದರು. ಅಂಗಡಿಗಳ ಮುಂಗಡ ಪಟ್ಟಿಯಲ್ಲಿ ಮುಂದಿನ ತಿಂಗಳುಗಳ ಸಂಚಿಕೆಗಳ ಮುಖಪುಟ, ಕಥಾಸಾರ ಎಲ್ಲವೂ ಇತ್ತು. ಜುಲೈನಲ್ಲಿ 193ನೇ ಸಂಚಿಕೆ ತೆರೆದರೆ ಕಥೆಯೇ ಮುಗಿದಿತ್ತು. ಪಟ್ಟಿಯಲ್ಲಿದ್ದ ಆ ಸಂಚಿಕೆಗಳು ಸುಳ್ಳು. ಅಂತ್ಯದ ವಾಸನೆ ಯಾರಿಗೂ ಬಡಿಯದಿರಲೆಂದು ಮುಖಪುಟಗಳನ್ನು ಬರೆಸಿಟ್ಟಿದ್ದರು. ಸಿನಿಮಾ ನೋಡುವಾಗ ಇನ್ನೇನು ಮುಗಿಯುತ್ತದೆ ಎಂದು ಮೊದಲೇ ತಿಳಿಯುವುದು ತನಗೆ ಹಿಡಿಸುವುದಿಲ್ಲ ಎಂದು ಕರ್ಕ್‌ಮನ್ ಅದೇ ಸಂಚಿಕೆಯಲ್ಲಿ ಓದುಗರಿಗೆ ಬರೆದರು. ಇದೂ ಮೋಸವೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ಇಲ್ಲಿ ಸುಳ್ಳು ಹೇಳಿದ್ದು ಪಟ್ಟಿ, ಕಥೆಯ ಪುಟಗಳಲ್ಲ. ರಿಕ್ ಸತ್ತದ್ದು ಸತ್ತದ್ದೇ.

ಟೀವಿಯಲ್ಲಿ ಆಮೇಲೆ ಡ್ಯಾರಿಲ್ ಫ್ರಾನ್ಸಿಗೆ ಹೋಗಿ ಬೇರೆಯೇ ಧಾರಾವಾಹಿಯಾದ, ಮ್ಯಾಗಿ ಮತ್ತು ನೀಗನ್ ನ್ಯೂಯಾರ್ಕಿಗೆ ಹೋದರು, ರಿಕ್ ಮನೆ ಸೇರಿದ. ಅಭಿಮಾನಿಗಳಿಗೆ ಉಳಿದಿರುವ ದೊಡ್ಡ ಪ್ರಶ್ನೆ ರಿಕ್ ಮತ್ತು ಡ್ಯಾರಿಲ್ ಮತ್ತೆ ಭೇಟಿಯಾಗುತ್ತಾರೆಯೇ ಎಂಬುದು. ಸುಳಿವಿಗಾಗಿ ಅವರು ನೋಡುವುದು ನಟರ ಸಂದರ್ಶನ, ಒಪ್ಪಂದ, ಚಿತ್ರೀಕರಣದ ವೇಳಾಪಟ್ಟಿ. ನನ್ನ ಊಹೆ ಕೇಳಿದರೆ, ಭೇಟಿಯಾಗುತ್ತಾರೆ. ಅದು ಒಂದು ವರ್ಷ ಮೊದಲೇ ಸ್ಯಾನ್ ಡಿಯೇಗೊದ ವೇದಿಕೆಯಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ.